ಒಡೆದ ಮೇಲೆ ಏನು? ಸುರಕ್ಷಿತ ಗಾಜಿನ ಚರ್ಚೆ: ಒಂದು ಸಮೀಕ್ಷೆ

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅಲ್ಲಿಂದೀಚೆಗೆ ದಾರಿಹೋಕರು ರಾಮನಗರ, ಚನ್ನಪಟ್ಟಣಗಳನ್ನು ಕಣ್ಣಿಟ್ಟು ನೋಡದೆಯೇ ದಾಟಿಹೋಗುತ್ತಾರೆ. ಹಳೆಯ ರಸ್ತೆಗೆ ಇಳಿದರೆ ಮಾತ್ರ ಊರಿನ ಮುಖ ಬದಲಾಗಿರುವುದು ಗೊತ್ತಾಗುತ್ತದೆ. ರೋಲಿಂಗ್ ಷಟರ್ ಎಳೆದು ಕೂರುತ್ತಿದ್ದ ಅಂಗಡಿಗಳಿಗೆ ಈಗ ನೆಲದಿಂದ ಚಾವಣಿಯವರೆಗೆ ಗಾಜು. ಚಿನ್ನದ ಅಂಗಡಿ, ರಕ್ತಪರೀಕ್ಷೆಯ ಲ್ಯಾಬ್, ಬೇಕರಿ, ಬ್ಯಾಂಕು, ಕಲ್ಯಾಣ ಮಂಟಪದ ಮುಂಬಾಗಿಲು, ಎಲ್ಲವೂ ಗಾಜೇ. ಕನಕಪುರ, ಮಾಗಡಿಯ ಪೇಟೆಬೀದಿಗಳಲ್ಲೂ ಇದೇ ಕಥೆ. ಹೊಸ ಮನೆಗಳಲ್ಲಿ ಬಾಲ್ಕನಿಯ ಕಟಕಟೆ, ಮೆಟ್ಟಿಲಿನ ಪಕ್ಕ, ಬಚ್ಚಲಿನ ಮರೆ, ತೊಟ್ಟಿಯ ಮೇಲಿನ ಮುಚ್ಚಿಗೆ ಕೂಡ ಗಾಜಾಗಿವೆ.

ಮಾಗಡಿ ಕಡೆಯ ನೆಂಟರ ಮನೆಯೊಂದರ ಗೃಹಪ್ರವೇಶಕ್ಕೆ ಹೋಗಿದ್ದಾಗ ಮೊದಲನೇ ಮಹಡಿಯ ಗಾಜಿನ ಕಟಕಟೆಗೆ ನಾಲ್ಕೈದು ಮಕ್ಕಳು ಬೆನ್ನು ಕೊಟ್ಟು ನಿಂತಿದ್ದರು. ನನಗೆ ಎದೆ ಧಸಕ್ಕೆಂದಿತು. ಮನೆಯವರನ್ನು ಕೇಳಿದೆ. ‘ಟಫನ್ ಗ್ಲಾಸ್ ಹಾಕ್ಸಿದ್ದೀವಣ್ಣ, ಏನೂ ಆಗಲ್ಲ’ ಎಂದರು. ಅವರ ಮಾತು ಅರ್ಧ ನಿಜ. ಉಳಿದರ್ಧ ಏನು ಎಂಬುದರ ಬಗ್ಗೆ ಜಗತ್ತಿನ ಎಂಜಿನಿಯರುಗಳು ನೂರು ವರ್ಷಕ್ಕೂ ಹೆಚ್ಚು ಕಾಲ ವಾದಿಸಿದ್ದಾರೆ, ಇನ್ನೂ ವಾದಿಸುತ್ತಿದ್ದಾರೆ. ಆ ವಾದದ ಪೂರ್ತಿ ನಕ್ಷೆಯನ್ನು ಈ ನಾಲ್ಕು ಊರುಗಳಲ್ಲಿ ಮನೆ, ಅಂಗಡಿ ಕಟ್ಟುತ್ತಿರುವವರ ಮುಂದೆ ಬಿಡಿಸಿಡುವುದು ಈ ಲೇಖನದ ಉದ್ದೇಶ.

ಬಳೆಯ ಊರು, ಬೊಂಬೆಯ ಊರು

ಗಾಜು ಈ ಸೀಮೆಗೆ ಹೊಸಬನಲ್ಲ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಅಂದರೆ 1800ರಲ್ಲಿ, ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣಕ್ಕೂ ಬಂದಿದ್ದ. ಹೆಂಗಸರು ತೊಡುವ ಗಾಜಿನ ಬಳೆಗಳ ಕುಲುಮೆ, ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ, ಎರಡನ್ನೂ ಅವನು ಅಲ್ಲಿ ಕಂಡು ಬರೆದಿಟ್ಟ. ಮುಂದೆ ಆಲೆಮರ ಮತ್ತು ಅರಗಿನ ಬೊಂಬೆಗಳು ಊರಿನ ಹೆಸರನ್ನು ಹೊತ್ತವು, ಬಳೆಯ ಕುಲುಮೆ ಜನರ ನೆನಪಿನಿಂದ ಜಾರಿತು. ಆದರೆ ಬಳೆ ತೊಟ್ಟ ಕೈಗಳಿಗೆಲ್ಲ ಗಾಜಿನ ಸ್ವಭಾವ ಗೊತ್ತಿತ್ತು. ಬಳೆಗಾರ ತೊಡಿಸುವಾಗ ಒಂದು ಚಿಟಕ್ಕೆಂದರೂ ಮಣಿಕಟ್ಟಿನಲ್ಲಿ ರಕ್ತ. ಚೂರುಗಳನ್ನು ಒಂದೂ ಬಿಡದೆ ಹುಡುಕಿ ತೆಗೆಯುವ ತನಕ ಮಕ್ಕಳನ್ನು ಆ ಕಡೆ ಬಿಡುತ್ತಿರಲಿಲ್ಲ.

ಕಟ್ಟಡಕ್ಕೆ ಗಾಜು ದೊಡ್ಡದಾಗಿ ಬಂದದ್ದು ಲಾಲ್‌ಬಾಗಿನಲ್ಲಿ. ಅಲ್ಲಿನ ಗಾಜಿನಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಅದರ ಮಾದರಿ 1851ರ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಜನಸಾಮಾನ್ಯರ ಮನೆಗಳಲ್ಲಿ ಮಾತ್ರ ಗಾಜು ಎಂದರೆ ಮರದ ಚೌಕಟ್ಟಿನೊಳಗೆ ಪುಟ್ಟಿ ಒತ್ತಿ ಕೂರಿಸಿದ ಅಂಗೈ ಎರಡಂಗೈ ಅಗಲದ ಬಿಲ್ಲೆಗಳು, ಹಿಂದೆ ಕಬ್ಬಿಣದ ಸರಳು. ಅಷ್ಟು ಚಿಕ್ಕ ಗಾಜು ಒಡೆದರೂ ಯಾರೂ ಅದರೊಳಗೆ ತೂರಿಹೋಗುತ್ತಿರಲಿಲ್ಲ. ಸುರಕ್ಷತೆಯ ಕೆಲಸವನ್ನು ಅಲ್ಲಿ ಮರ ಮತ್ತು ಕಬ್ಬಿಣ ಮಾಡುತ್ತಿದ್ದವು.

ಇಂಗ್ಲೆಂಡಿನ ಅಲಸ್ಟೇರ್ ಪಿಲ್ಕಿಂಗ್ಟನ್ ತಂಡ ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ವಿಧಾನವನ್ನು 1959ರಲ್ಲಿ ಜಗತ್ತಿಗೆ ತಿಳಿಸಿತು. ಅದೇ ಫ್ಲೋಟ್ ಗಾಜು. 2000ದಲ್ಲಿ ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿ ಸೇಂಟ್ ಗೋಬೇನ್ ಕಂಪನಿಯ ಫ್ಲೋಟ್ ಕಾರ್ಖಾನೆ ಶುರುವಾಯಿತು. ಮಂಚದಗಲದ ಹಾಳೆಗಳು ಒಂದು ರಾತ್ರಿಯ ಲಾರಿ ಪ್ರಯಾಣದಷ್ಟು ಹತ್ತಿರಕ್ಕೆ ಬಂದವು. ಗಾಜು ಅಗಲವಾದಂತೆ ಸರಳು ಹೋಯಿತು, ಮರ ಹೋಯಿತು. ಕಾವಲಿನ ಹೊಣೆ ಪೂರ್ತಿಯಾಗಿ ಗಾಜಿನ ಮೇಲೇ ಬಿತ್ತು. ನಮ್ಮ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ಕಲ್ಲು ಒಡೆಯುವವರಿಗೆ ಗೊತ್ತಿರುವ ಗುಟ್ಟು

ಗಾಜು ಏಕೆ ಒಡೆಯುತ್ತದೆ ಎಂಬುದನ್ನು ರಾಮನಗರ, ಕನಕಪುರದ ಕಲ್ಲುಕುಟಿಗರಿಗೆ ವಿವರಿಸಬೇಕಿಲ್ಲ. ಬಂಡೆಯನ್ನು ಅವರು ಬಲದಿಂದ ಒಡೆಯುವುದಿಲ್ಲ. ಸಾಲಾಗಿ ಸಣ್ಣ ಕುಳಿ ತೋಡಿ, ಬೆಣೆ ಇಟ್ಟು, ಒಂದೊಂದೇ ಏಟು ಕೊಡುತ್ತ ಹೋಗುತ್ತಾರೆ. ಕುಳಿಯ ತುದಿಯಲ್ಲಿ ಎಳೆತ ಸೇರಿಕೊಂಡು ಬಂಡೆ ತಾನೇ ಸೀಳುತ್ತದೆ. ಗಾಜಿನಂಗಡಿಯ ಹುಡುಗ ಕಟರ್‌ನಿಂದ ಒಂದು ಗೀರು ಎಳೆದು, ಹಾಳೆಯನ್ನು ಮೇಜಿನಂಚಿಗೆ ತಂದು ಮೆಲ್ಲಗೆ ಬಗ್ಗಿಸುವುದೂ ಇದೇ ವಿದ್ಯೆ.

ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಸಾವಿರಾರು ಗೀರುಗಳಿರುತ್ತವೆ. ಒತ್ತಿದರೆ ಗೀರು ಮುಚ್ಚಿಕೊಳ್ಳುತ್ತದೆ, ಎಳೆದರೆ ಬಾಯಿ ಬಿಡುತ್ತದೆ. ಆದ್ದರಿಂದ ಗಾಜು ಒತ್ತಡಕ್ಕೆ ಬಲು ಗಟ್ಟಿ, ಎಳೆತಕ್ಕೆ ಬಲು ಮೆದು. ಇದರ ಲೆಕ್ಕವನ್ನು ಬ್ರಿಟಿಷ್ ಎಂಜಿನಿಯರ್ ಎ. ಎ. ಗ್ರಿಫಿತ್ 1920ರ ಸುಮಾರಿಗೆ ಗಾಜಿನ ಮೇಲೆಯೇ ಪ್ರಯೋಗ ಮಾಡಿ ಕಟ್ಟಿಕೊಟ್ಟ. ಸಾಮಾನ್ಯ ಗಾಜು ಒಡೆದಾಗ ಕತ್ತಿಯಲಗಿನಂಥ ಉದ್ದ ಚೂರುಗಳಾಗುತ್ತದೆ. ಬಿಸಿಲು ಅರ್ಧ, ನೆರಳು ಅರ್ಧ ಬಿದ್ದು ಎರಡೂ ಭಾಗಗಳ ನಡುವೆ ಮೂವತ್ತು ನಲವತ್ತು ಡಿಗ್ರಿ ಅಂತರವಾದರೂ ಸಾಕು, ಅಂಚು ಒರಟಾಗಿದ್ದರೆ ಯಾರೂ ಮುಟ್ಟದೆಯೇ ಸೀಳಬಹುದು. ಈ ಸ್ವಭಾವವನ್ನು ಪಳಗಿಸಲು ಹೊರಟವರು ಬೇರೆ ಬೇರೆ ದಾರಿ ಹಿಡಿದರು.

ಮೊದಲ ಪಂಥ: ಗಟ್ಟಿಯಾಗಲಿ, ಒಡೆದರೆ ಕಾಳಾಗಲಿ

ಎತ್ತಿನ ಗಾಡಿಯ ಚಕ್ರಕ್ಕೆ ಕಮ್ಮಾರ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದವರು ಇನ್ನೂ ನಮ್ಮಲ್ಲಿದ್ದಾರೆ. ಪಟ್ಟಿಯನ್ನು ಕೆಂಪಗೆ ಕಾಯಿಸಿ ಮರದ ಗಾಲಿಗೆ ತೊಡಿಸಿ ನೀರು ಸುರಿದರೆ, ಪಟ್ಟಿ ಕುಗ್ಗಿ ಮರವನ್ನೆಲ್ಲ ಒಳಗೆ ಬಿಗಿಯುತ್ತದೆ. ಟಫನ್ಡ್ ಗಾಜಿನಲ್ಲಿ ನಡೆಯುವುದು ಇದರದೇ ಸೋದರಕ್ರಿಯೆ. ಹಾಳೆಯನ್ನು 620 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಎರಡೂ ಬದಿಯಿಂದ ತಣ್ಣನೆಯ ಗಾಳಿ ಊದುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ನಿಧಾನವಾಗಿ ತಣಿದು ಕುಗ್ಗುವಾಗ ಹೊರಮೈಯನ್ನು ಒಳಕ್ಕೆ ಜಗ್ಗುತ್ತದೆ. ಹೀಗೆ ಮೇಲ್ಮೈ ಸದಾ ಒತ್ತಡದಲ್ಲಿ, ಒಡಲು ಸದಾ ಎಳೆತದಲ್ಲಿ. ಮೇಲ್ಮೈಯ ಗೀರುಗಳೆಲ್ಲ ಬಾಯಿ ಮುಚ್ಚಿಕೊಂಡಿರುವುದರಿಂದ ಅದರ ಬಲ ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು. ಸುಮಾರು 200 ಡಿಗ್ರಿಯ ಉಷ್ಣತೆಯ ಅಂತರವನ್ನೂ ತಡೆಯುತ್ತದೆ.

ಈ ವಿದ್ಯೆಯ ಬೇರು ಹಳೆಯದು. ಕರಗಿದ ಗಾಜಿನ ಹನಿಯನ್ನು ನೀರಿಗೆ ಬಿಟ್ಟರೆ ಸುತ್ತಿಗೆಗೂ ಜಗ್ಗದ ಗುಂಡು ಸಿಗುತ್ತದೆ, ಅದರ ಬಾಲ ಮುರಿದರೆ ಗುಂಡೇ ಪುಡಿಯಾಗುತ್ತದೆ. 1660ರ ದಶಕದಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿ ಇದನ್ನು ಕಂಡು ಬೆರಗಾಗಿತ್ತು. ಫ್ರಾನ್ಸಿನ ದ ಲಾ ಬಾಸ್ಟಿ ಕಾದ ಗಾಜನ್ನು ಎಣ್ಣೆಯಲ್ಲಿ ಅದ್ದಿ ಗಟ್ಟಿಮಾಡುವ ಪೇಟೆಂಟನ್ನು 1874ರಲ್ಲಿ ಪಡೆದ. ಗಾಳಿ ಊದಿ ತಣಿಸುವ ವಿಧಾನ 20ನೇ ಶತಮಾನದಲ್ಲಿ ಪಳಗಿತು.

ಈ ಪಂಥದವರ ವಾದದ ಜೀವಾಳ ಗಾಜು ಒಡೆಯುವ ರೀತಿಯಲ್ಲಿದೆ. ಒಂದು ಕಡೆ ಮೈ ಬಿರಿದರೆ ಒಳಗೆ ಕಟ್ಟಿಟ್ಟ ಎಳೆತವೆಲ್ಲ ಒಮ್ಮೆಗೇ ಬಿಡುಗಡೆಯಾಗಿ ಇಡೀ ಹಾಳೆ ಕಡಲೆಗಾತ್ರದ ಮೊಂಡು ಕಾಳುಗಳಾಗುತ್ತದೆ. ಯುರೋಪಿನ ಮಾನದಂಡದಲ್ಲಿ 4ರಿಂದ 12 ಮಿ.ಮೀ. ದಪ್ಪದ ಗಾಜು ಒಡೆದಾಗ 50 ಮಿ.ಮೀ. ಚೌಕದೊಳಗೆ ಕನಿಷ್ಠ 40 ಚೂರು ಎಣಿಸಲು ಸಿಗಬೇಕು. ಬಾಗಿಲಿಗೆ ಡಿಕ್ಕಿ ಹೊಡೆದವನ ಕುತ್ತಿಗೆಯ ನರ ಕತ್ತರಿಸುವ ಅಲಗು ಅಲ್ಲಿ ಹುಟ್ಟುವುದಿಲ್ಲ. ಅಂಗಡಿಯ ಬಾಗಿಲು, ಬಚ್ಚಲಿನ ಮರೆ, ಮೇಜಿನ ಹಾಸು ಇಂಥ ಕಡೆ ಈ ವಾದಕ್ಕೆ ಎದುರಾಡುವುದು ಕಷ್ಟ. ಸಾಮಾನ್ಯ ಗಾಜಿನ ಬಾಗಿಲಿಗೆ ತೂರಿ ರಕ್ತ ಸುರಿಸಿಕೊಂಡವರನ್ನು ಕಂಡ ಯಾವ ವೈದ್ಯರೂ ಟಫನ್ಡ್ ಗಾಜಿಗೆ ಕೈಮುಗಿಯುತ್ತಾರೆ.

ಇದರ ಕುಂದುಗಳನ್ನೂ ಹೇಳಬೇಕು. ಒಮ್ಮೆ ಕುಲುಮೆಗೆ ಹೋಗಿಬಂದ ಗಾಜನ್ನು ಆಮೇಲೆ ಕತ್ತರಿಸಲಾಗದು, ತೂತು ಕೊರೆಯಲಾಗದು. ಬೀಗ, ಕೀಲು, ಪ್ಯಾಚ್ ಫಿಟ್ಟಿಂಗ್ ಕೂರುವ ಜಾಗಗಳೆಲ್ಲ ಮೊದಲೇ ತೀರ್ಮಾನವಾಗಿರಬೇಕು. ಗೋಡೆ ಅರ್ಧ ಅಂಗುಲ ವಾರೆಯಾಗಿದ್ದರೆ ಮಿಸ್ತ್ರಿ ಗಾಜನ್ನು ಬಲವಂತವಾಗಿ ಕೂರಿಸುತ್ತಾನೆ, ಅಂಚಿಗೆ ಕಲ್ಲಿನ ನೆಲ ತಾಕುತ್ತದೆ. ಟಫನ್ಡ್ ಗಾಜಿನ ಮರ್ಮಸ್ಥಾನ ಅದರ ಅಂಚು, ಅದರಲ್ಲೂ ಮೂಲೆ. ನಡುವೆ ಮುಷ್ಟಿಯಿಂದ ಗುದ್ದಿದರೂ ಅಲುಗದ ಹಾಳೆ ಮೂಲೆಗೆ ಗ್ರಾನೈಟ್ ತಗುಲಿ ತಿಂಗಳ ನಂತರ ಸಿಡಿಯಬಹುದು.

ಇನ್ನೊಂದು ಕುಂದು ವಿಚಿತ್ರವಾದದ್ದು. ಗಾಜು ಕರಗುವಾಗ ಸೇರಿಕೊಂಡ ನಿಕ್ಕಲ್ ಸಲ್ಫೈಡಿನ ಒಂದು ಸಣ್ಣ ಕಣ ಕುಲುಮೆಯ ಬಿಸಿಯಲ್ಲಿ ಒಂದು ರೂಪದಲ್ಲಿರುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಮೆಲ್ಲಮೆಲ್ಲನೆ ಇನ್ನೊಂದು ರೂಪಕ್ಕೆ ಹೊರಳಿ ಉಬ್ಬುತ್ತದೆ. ಆ ಉಬ್ಬು ಎಳೆತದಲ್ಲಿರುವ ಒಡಲನ್ನು ಚುಚ್ಚಿದರೆ, ವರ್ಷಗಳ ಕಾಲ ಸುಮ್ಮನಿದ್ದ ಗಾಜು ಯಾರೂ ಮುಟ್ಟದೆ ಪಟಾರನೆ ಸಿಡಿಯುತ್ತದೆ. ಮೆಲ್ಬರ್ನಿನ ಎತ್ತರದ ಕಟ್ಟಡವೊಂದರ ಗಾಜುಗಳು ಹೀಗೆ ಸಿಡಿದುದನ್ನು ಪರೀಕ್ಷಿಸಿ ಬ್ಯಾಲಂಟೈನ್ ಎಂಬ ವಿಜ್ಞಾನಿ 1961ರಲ್ಲಿ ಈ ಕಾರಣವನ್ನು ಹೊರಗೆಳೆದ. ಪರಿಹಾರವಾಗಿ ‘ಹೀಟ್ ಸೋಕ್’ ಪರೀಕ್ಷೆ ಬಂತು. ಟಫನ್ ಆದ ಹಾಳೆಗಳನ್ನು ಇನ್ನೊಮ್ಮೆ ಕಾಯಿಸಿ ಗಂಟೆಗಟ್ಟಲೆ ಇಡುತ್ತಾರೆ. ಒಡೆಯುವಂಥವು ಅಲ್ಲೇ ಒಡೆಯಲಿ ಎಂದು. ಯುರೋಪಿನ ಮಾನದಂಡ ಇದಕ್ಕೆ ಮೊದಲು 290 ಡಿಗ್ರಿ ಎಂದಿತ್ತು, ಈಗ 260ರ ಆಸುಪಾಸಿಗೆ ಇಳಿಸಿದೆ. ಪರೀಕ್ಷೆಯಾದ ಗಾಜಿನಲ್ಲೂ 400 ಟನ್ನಿಗೆ ಒಂದು ಒಡೆಯಬಹುದು ಎಂದು ಆ ಮಾನದಂಡವೇ ಒಪ್ಪಿಕೊಳ್ಳುತ್ತದೆ.

ಕಾಳು ಮೊಂಡಾಗಿರುತ್ತದೆ ಎಂಬ ಭರವಸೆಗೂ ಮಿತಿಯಿದೆ. 12 ಮಿ.ಮೀ. ಗಾಜು ಚದರ ಮೀಟರಿಗೆ 30 ಕಿಲೋ ತೂಗುತ್ತದೆ. ಏಳಡಿ ಎತ್ತರ ಮೂರಡಿ ಅಗಲದ ಒಂದು ಬಾಗಿಲೆಂದರೆ ಸುಮಾರು 58 ಕಿಲೋ, ಸಿಮೆಂಟ್ ಮೂಟೆಗಿಂತ ಹೆಚ್ಚು. ಮೇಲಿನಿಂದ ಬೀಳುವಾಗ ಕಾಳುಗಳು ಒಂದಕ್ಕೊಂದು ಕಚ್ಚಿಕೊಂಡ ಗೊಂಚಲುಗಳಾಗಿ ಬೀಳುತ್ತವೆ. ತಲೆಯ ಮೇಲೆ ಬಿದ್ದರೆ ಮೊಂಡು, ಚೂಪು ಎಂಬ ಲೆಕ್ಕ ಉಳಿಯುವುದಿಲ್ಲ.

ಈ ಪಂಥದಲ್ಲೇ ಒಂದು ಮಧ್ಯಮಮಾರ್ಗವಿದೆ: ಹೀಟ್ ಸ್ಟ್ರೆಂಗ್ತನ್ಡ್ ಗಾಜು. ನಿಧಾನವಾಗಿ ತಣಿಸಿದ್ದರಿಂದ ಬಲ ಎರಡು ಪಟ್ಟು ಮಾತ್ರ, ತಾನೇ ಸಿಡಿಯುವ ಅಪಾಯ ತೀರ ಕಡಿಮೆ. ಆದರೆ ಒಡೆದಾಗ ದೊಡ್ಡ ಚೂರುಗಳಾಗುವುದರಿಂದ ಒಂಟಿಯಾಗಿ ಬಳಸಿದರೆ ಇದನ್ನು ಸುರಕ್ಷಿತ ಗಾಜೆಂದು ಯಾರೂ ಎಣಿಸುವುದಿಲ್ಲ.

ಎರಡನೇ ಪಂಥ: ಒಡೆಯಲಿ, ಬೀಳದಿರಲಿ

ಫ್ರೆಂಚ್ ಕಲಾವಿದ, ರಸಾಯನಜ್ಞ ಎಡ್ವರ್ ಬೆನೆಡಿಕ್ಟಸ್‌ನ ಪ್ರಯೋಗಾಲಯದಲ್ಲಿ 1903ರಲ್ಲಿ ಒಂದು ಗಾಜಿನ ಬುರುಡೆ ಕೆಳಗೆ ಬಿತ್ತಂತೆ. ಬಿರುಕು ಬಿಟ್ಟರೂ ಚೂರಾಗಿ ಹರಡಲಿಲ್ಲ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಚೂರುಗಳನ್ನೆಲ್ಲ ಹಿಡಿದುಕೊಂಡಿತ್ತು. 1909ರಲ್ಲಿ ಅವನು ಎರಡು ಗಾಜಿನ ನಡುವೆ ಪೊರೆಯಿಟ್ಟ ‘ಟ್ರಿಪ್ಲೆಕ್ಸ್’ಗೆ ಪೇಟೆಂಟ್ ಮಾಡಿಸಿದ. ಮೊದಲ ಕಾಲದ ಪೊರೆಗಳು ಬಿಸಿಲಿಗೆ ಹಳದಿಯಾಗುತ್ತಿದ್ದವು. 1930ರ ದಶಕದ ಕೊನೆಗೆ ಪಿವಿಬಿ ಎಂಬ ಪಾರದರ್ಶಕ, ಜಗ್ಗುವ ಪ್ಲಾಸ್ಟಿಕ್ ಬಂತು. ಹೀಗೆ ಪೊರೆಯಿಟ್ಟು ಜೋಡಿಸಿದ ಲ್ಯಾಮಿನೇಟೆಡ್ ಗಾಜಿನ ನಡುವೆ ಇಂದಿಗೂ ಹೆಚ್ಚಾಗಿ ಇರುವುದು ಅದೇ, 0.38 ಮಿ.ಮೀ. ಪದರದ ಒಂದು, ಎರಡು ಅಥವಾ ನಾಲ್ಕು ಮಡಿ. ಅದಕ್ಕಿಂತ ಬಹಳ ಬಿರುಸಾದ ಅಯಾನೊಪ್ಲಾಸ್ಟ್ ಪೊರೆಗಳು 1990ರ ದಶಕದ ಕೊನೆಗೆ ಬಂದವು. ಅಮೆರಿಕದ ಚಂಡಮಾರುತ ಪ್ರದೇಶಗಳ ಕಿಟಕಿಗಳಿಗೆ ಅವು ಬೇಕಾಗಿದ್ದವು.

ಈ ಪಂಥ ಗಾಜಿನ ಬಲದ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಯಾವ ಗಾಜೂ ಒಂದು ದಿನ ಒಡೆಯುತ್ತದೆ ಎಂದು ಒಪ್ಪಿಕೊಂಡೇ ಹೊರಡುತ್ತದೆ. ಒಡೆದ ಗಾಜು ಜಾಗ ಬಿಟ್ಟು ಕದಲಬಾರದು, ಅದರಾಚೆಗೆ ಯಾರೂ ಬೀಳಬಾರದು, ಅದರ ಕೆಳಗೆ ಯಾರ ಮೇಲೂ ಬೀಳಬಾರದು ಎಂಬುದೇ ಅದರ ಪಟ್ಟು. ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಹೊರಬರುವ ಕಾರುಗಳನ್ನೇ ನೋಡಿ. ಮುಂದಿನ ಗಾಜು ಲ್ಯಾಮಿನೇಟೆಡ್, ಕಲ್ಲು ಬಿದ್ದರೆ ಜೇಡರಬಲೆಯಾಗಿ ಅಲ್ಲೇ ನಿಲ್ಲುತ್ತದೆ. ಪಕ್ಕದ ಕಿಟಕಿಗಳು ಸಾಮಾನ್ಯವಾಗಿ ಟಫನ್ಡ್, ಅಪಘಾತವಾದಾಗ ಒಡೆದು ಹೊರಬರಲು ದಾರಿಯಾಗುತ್ತವೆ. ವಾಹನದವರು ಎರಡು ಪಂಥಗಳಿಗೂ ಒಂದೇ ಗಾಡಿಯಲ್ಲಿ ಜಾಗ ಕೊಟ್ಟಿದ್ದಾರೆ. ಮನೆ ಕಟ್ಟುವವರು ಆ ವಿವೇಕವನ್ನು ಇನ್ನೂ ಕಲಿಯಬೇಕಿದೆ.

ಮಾಗಡಿಯ ಆ ಬಾಲ್ಕನಿಗೆ ಮರಳೋಣ. ಒಂದೇ ಹಾಳೆಯ ಟಫನ್ಡ್ ಗಾಜು ಮಕ್ಕಳ ಭಾರಕ್ಕೆ ಒಡೆಯುವುದಿಲ್ಲ, ಅಷ್ಟು ನಿಜ. ಆದರೆ ಬೇರೆ ಯಾವ ಕಾರಣಕ್ಕೇ ಸಿಡಿಯಲಿ, ಮರುಕ್ಷಣ ಅಲ್ಲಿ ಕಟಕಟೆಯೇ ಇರುವುದಿಲ್ಲ. ಬೆನ್ನು ಕೊಟ್ಟು ನಿಂತ ಮಗುವಿನ ಹಿಂದೆ ಬರಿಯ ಗಾಳಿ. ಕೆನಡಾದ ಟೊರೊಂಟೊದಲ್ಲಿ 2010ರಿಂದ ಎರಡು ವರ್ಷ ಎತ್ತರದ ಅಪಾರ್ಟ್‌ಮೆಂಟುಗಳ ಬಾಲ್ಕನಿ ಗಾಜುಗಳು ಒಂದರ ಹಿಂದೆ ಒಂದು ಸಿಡಿದು ಬೀದಿಗೆ ಬಿದ್ದಾಗ, ಒಂಟಾರಿಯೊ ಪ್ರಾಂತ್ಯ 2012ರಲ್ಲಿ ಕಟ್ಟಡ ಸಂಹಿತೆಯನ್ನೇ ತಿದ್ದಿ ಬಾಲ್ಕನಿಗೆ ಲ್ಯಾಮಿನೇಟೆಡ್ ಗಾಜಿನತ್ತ ಹೊರಳಿತು. ಅಮೆರಿಕದ 2015ರ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆಯೂ ಗಾಜಿನ ಕಟಕಟೆಗಳಿಗೆ ಲ್ಯಾಮಿನೇಷನ್ ಕೇಳಿತು.

ತೊಟ್ಟಿಯ ಮೇಲಿನ ಗಾಜಿನಲ್ಲಿ ಈ ವಾದ ಇನ್ನೂ ನಿಚ್ಚಳವಾಗುತ್ತದೆ. ಈಗ ತೊಟ್ಟಿಮನೆಯ ಆಸೆ ಮತ್ತೆ ಚಿಗುರಿದೆ. ಮಳೆ ಬೇಡ, ಬೆಳಕು ಬೇಕು ಎಂದು ಮೇಲೆ ಗಾಜು ಮುಚ್ಚುತ್ತಾರೆ. ಪಕ್ಕದಲ್ಲೇ ತೆಂಗಿನ ಮರ. ರಾಮನಗರದ ಬೆಟ್ಟಗಳಿಂದ, ಸಾವನದುರ್ಗದ ಕಾಡಿನಿಂದ ಇಳಿದು ಬರುವ ಕೋತಿಗಳು ಬೇರೆ. ಮೇಲಿನಿಂದ ಒಂದು ಕಾಯಿ ಬಿದ್ದರೆ, ಕೆಳಗೆ ಅಜ್ಜಿ ಸೊಪ್ಪು ಬಿಡಿಸುತ್ತ ಕೂತಿದ್ದರೆ? ತಲೆಯ ಮೇಲಿನ ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕು ಎಂಬಲ್ಲಿ ಜಗತ್ತಿನ ಬಹುಪಾಲು ಸಂಹಿತೆಗಳು ಒಂದಾಗಿವೆ. ನನ್ನ ಮಟ್ಟಿಗೆ ಇದರಲ್ಲಿ ಚೌಕಾಸಿಗೆ ಜಾಗವಿಲ್ಲ.

ಹಾಗೆಂದು ಈ ಪಂಥ ದೋಷರಹಿತವೇನಲ್ಲ. ಎರಡು ಹಾಳೆ, ನಡುವೆ ಪೊರೆ, ಒತ್ತಡದ ಕುಲುಮೆ ಎಲ್ಲ ಸೇರಿ ಬೆಲೆ ಏರುತ್ತದೆ. ಅಂಚಿನಲ್ಲಿ ನೀರು ನಿಂತರೆ ವರ್ಷಗಳಲ್ಲಿ ಪೊರೆ ಬಿಟ್ಟುಕೊಂಡು ಬೆಳ್ಳಗೆ ಮಂಕಾಗುತ್ತದೆ. ಪಿವಿಬಿ ಬಿಸಿಲಿಗೆ ಮೆದುವಾಗುತ್ತದೆ. ಎರಡೂ ಹಾಳೆ ಟಫನ್ಡ್ ಆಗಿದ್ದು ಎರಡೂ ಒಟ್ಟಿಗೆ ಒಡೆದರೆ, ಕಾಳುಗಳನ್ನು ಹೊತ್ತ ಪೊರೆ ಒದ್ದೆ ಕಂಬಳಿಯಂತೆ ಜೋತು ಬೀಳಬಹುದು. ಅದಕ್ಕೇ ಕೆಲವರು ಹೀಟ್ ಸ್ಟ್ರೆಂಗ್ತನ್ಡ್ ಹಾಳೆಗಳ ಜೋಡಿಯನ್ನೇ ಮೇಲೆನ್ನುತ್ತಾರೆ. ದೊಡ್ಡ ಚೂರುಗಳು ಪೊರೆಯ ಜೊತೆ ಸೇರಿ ಇನ್ನಷ್ಟು ಹೊತ್ತು ಬಿರುಸಾಗಿ ನಿಲ್ಲುತ್ತವೆ.

ತಂತಿ ಗಾಜು ಕಲಿಸಿದ ಪಾಠ

ಗಾಜಿನೊಳಗೆ ಕಬ್ಬಿಣದ ಬಲೆ ಹುದುಗಿಸಿದ ಗಾಜು ಹಳೆಯ ಕಾರ್ಖಾನೆಗಳ ಚಾವಣಿಯಲ್ಲಿ, ಲಿಫ್ಟ್ ಬಾಗಿಲುಗಳಲ್ಲಿ ಕಾಣುತ್ತದೆ. ಅಮೆರಿಕದ ಫ್ರಾಂಕ್ ಶೂಮನ್ 1892ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಬೆಂಕಿಯಲ್ಲಿ ಬಿರಿದರೂ ತಂತಿ ಹಿಡಿದುಕೊಳ್ಳುತ್ತದೆ, ಹೊಗೆ ದಾಟುವುದಿಲ್ಲ. ಆದರೆ ನೋಡಿದವರೆಲ್ಲ ತಂತಿಯಿಂದ ಗಾಜು ಗಟ್ಟಿಯಾಗಿದೆ ಎಂದುಕೊಂಡರು. ವಾಸ್ತವದಲ್ಲಿ ಅದು ಸಾಮಾನ್ಯ ಗಾಜಿಗಿಂತಲೂ ದುರ್ಬಲ. ಕೈ ತೂರಿದರೆ ಒಡೆದ ಗಾಜಿನ ಜೊತೆ ಮುರಿದ ತಂತಿಯೂ ಮಾಂಸಕ್ಕೆ ಸಿಕ್ಕಿಕೊಳ್ಳುತ್ತದೆ. ಶಾಲೆಗಳ ಬಾಗಿಲುಗಳಲ್ಲಿ ಮಕ್ಕಳ ಕೈ ಸೀಳಿದ ಮೇಲೆ ಅಮೆರಿಕದ ಸಂಹಿತೆ 2003ರಲ್ಲಿ ಶಾಲೆಗಳಿಂದ, 2006ರಲ್ಲಿ ಎಲ್ಲ ಕಟ್ಟಡಗಳ ಅಪಾಯದ ಜಾಗಗಳಿಂದ ಹಳೆಯ ಬಗೆಯ ತಂತಿ ಗಾಜನ್ನು ಹೊರಹಾಕಿತು. ಒಂದು ಅಪಾಯದಿಂದ ಕಾಯುವ ಗಾಜು ಇನ್ನೊಂದಕ್ಕೆ ಬಾಗಿಲು ತೆರೆಯಬಹುದು ಎಂದು ಒಪ್ಪಿಕೊಳ್ಳಲು ನೂರು ವರ್ಷ ಬೇಕಾಯಿತು.

ಒಡೆಯಲೇಬೇಕಾದ ಗಾಜು

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಹತ್ತಿತು. ಒಂಬತ್ತು ಜನ ಸತ್ತರು. ಜ್ವಾಲೆಗಿಂತ ಹೊಗೆ ಕ್ರೂರವಾಗಿತ್ತು. ಮೇಲಿನ ಮಹಡಿಗಳಲ್ಲಿ ಸಿಕ್ಕಿಕೊಂಡವರು ಉಸಿರಿಗಾಗಿ ಗಾಜು ಒಡೆದರು, ಕೆಲವರು ತಾಳಲಾರದೆ ಹಾರಿದರು. ಟಿ.ವಿ.ಯಲ್ಲಿ ಅದನ್ನು ನೋಡಿದ ಕರ್ನಾಟಕದ ಯಾರೂ ಆ ಚಿತ್ರವನ್ನು ಮರೆತಿರಲಾರರು.

ಅಗ್ನಿಶಾಮಕದವರದು ಮೂರನೇ ಪಂಥ. ಅವರ ಕಣ್ಣಿನಿಂದ ನೋಡಿದರೆ ಎರಡನೇ ಪಂಥದ ಹೆಮ್ಮೆಯೇ ತೊಡಕು. ಟಫನ್ಡ್ ಗಾಜಿನ ಮೂಲೆಗೆ ಚೂಪಾದ ಉಪಕರಣದಿಂದ ಒಂದು ಏಟು ಕೊಟ್ಟರೆ ದಾರಿ ತೆರೆಯುತ್ತದೆ. ಲ್ಯಾಮಿನೇಟೆಡ್ ಗಾಜನ್ನು ಕೊಡಲಿಯಿಂದ ಕಡಿಯಬೇಕು, ಗರಗಸದಿಂದ ಕೊಯ್ಯಬೇಕು, ಅಷ್ಟರಲ್ಲಿ ಒಳಗಿನವರ ಉಸಿರು ಉಳಿದಿರುತ್ತದೋ ಇಲ್ಲವೋ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಇದಕ್ಕೆ ಒಂದು ದಾರಿ ಹೇಳಿದೆ: ಗಾಜಿನ ಮುಖವಿರುವ ಕಟ್ಟಡದ ಪ್ರತಿ ಮಹಡಿಯಲ್ಲೂ 10 ಮೀಟರಿಗೊಂದರಂತೆ, ಕನಿಷ್ಠ 1 ಮೀಟರ್ ಚೌಕದ, ತೆರೆಯಬಹುದಾದ ಫಲಕಗಳಿರಬೇಕು, ಅವುಗಳ ಮೇಲೆ ಬರಹವಿರಬೇಕು. ಗಾಜು ಒಡೆಯುವ ಚರ್ಚೆಯನ್ನೇ ಬಿಟ್ಟು ಕಿಟಕಿ ತೆರೆಯಿರಿ ಎಂದಿತು ಸಂಹಿತೆ. ಇದಕ್ಕಿಂತ ಸರಳ ಪರಿಹಾರ ನನಗಂತೂ ಕಂಡಿಲ್ಲ. ನಮ್ಮ ಊರುಗಳ ನಾಲ್ಕು ಮಹಡಿಯ ವಾಣಿಜ್ಯ ಸಂಕೀರ್ಣಗಳಲ್ಲಿ ಮುಂಬದಿಯೆಲ್ಲ ಗಾಜು, ಮೂರು ಬದಿ ಪಕ್ಕದ ಗೋಡೆ. ತೆರೆಯುವ ಒಂದು ಫಲಕ ಇದೆಯೇ ಎಂದು ಬೀದಿಯಲ್ಲಿ ನಿಂತು ಹುಡುಕಿ ನೋಡಿ.

ಬೆಂಕಿಯನ್ನೇ ತಡೆಯುವ ಗಾಜು ಬೇರೆ ಜಾತಿ. ಕೆಲವು ಜ್ವಾಲೆ, ಹೊಗೆಯನ್ನು ಮಾತ್ರ ತಡೆಯುತ್ತವೆ. ಇನ್ನು ಕೆಲವು ಬಿಸಿಗೆ ಉಬ್ಬಿ ನೊರೆಯಾಗುವ ಪದರ ಹೊಂದಿದ್ದು, ಕಾವನ್ನೂ ನಿಗದಿತ ನಿಮಿಷಗಳವರೆಗೆ ತಡೆಯುತ್ತವೆ. ಮಾಮೂಲಿ ಟಫನ್ಡ್ ಗಾಜು ಈ ಜಾತಿಗೆ ಸೇರುವುದಿಲ್ಲ. ಅಂಗಡಿಯಲ್ಲಿ ಹಾಗೆ ಹೇಳಿದರೆ ನಂಬಬೇಡಿ.

ಗಾಜೇ ಏಕೆ ಎನ್ನುವವರು

ನಾಲ್ಕನೆಯ ಪಂಥ ಪ್ರಶ್ನೆಯನ್ನೇ ತಿರುಗಿಸುತ್ತದೆ. ಇದೇ ರಾಮನಗರ ಸೀಮೆಯ ಲಕ್ಕಪ್ಪನಹಳ್ಳಿಯ ಕೆಂಗಲ್ ಹನುಮಂತಯ್ಯನವರು ವಿಧಾನಸೌಧವನ್ನು ಕಲ್ಲಿನಲ್ಲಿ ಕಟ್ಟಿಸಿದರು. ಇಲ್ಲಿಯ ಹಳೆಯ ಮನೆಗಳಲ್ಲಿ ಕಲ್ಲುಕಂಬ, ಜಗಲಿ, ಮರದ ಸರಳು, ಜಾಲಂಧ್ರಗಳು ಗಾಳಿಯನ್ನೂ ಬೆಳಕನ್ನೂ ಬಿಟ್ಟುಕೊಂಡವು, ಬೀಳುವವರನ್ನು ತಡೆದವು. ಬಿಸಿಲನ್ನು ಒಳಗೆ ಕರೆದು, ಆಮೇಲೆ ಎ.ಸಿ. ಹಾಕಿ ಹೊರದೂಡುವ ಗಾಜಿನ ಗೋಡೆ ನಮ್ಮ ಹವೆಗೆ ಬೇಕೇ ಎಂದು ಹಲವು ವಾಸ್ತುಶಿಲ್ಪಿಗಳು ಕೇಳುತ್ತಾರೆ. ಇವರ ಸಲಹೆ ಗಾಜನ್ನು ತೊರೆಯುವುದಲ್ಲ, ಅದರ ಮೇಲೆ ಜೀವದ ಹೊಣೆ ಹೊರಿಸದಿರುವುದು. ಬಾಲ್ಕನಿಗೆ ಕಬ್ಬಿಣದ ಸರಳಿರಲಿ, ಗಾಜು ಅದರ ಹಿಂದೆ ಅಲಂಕಾರಕ್ಕಿರಲಿ. ಅಂಗಡಿಯ ಗಾಜು ನೆಲದಿಂದ ಶುರುವಾಗದೆ ಸೊಂಟದೆತ್ತರದ ಕಟ್ಟೆಯ ಮೇಲಿರಲಿ. ಕಣ್ಣಿನ ಮಟ್ಟದಲ್ಲಿ ಒಂದು ಪಟ್ಟಿ, ಚುಕ್ಕಿ ಸಾಲು, ಬೇಕಾದರೆ ಚನ್ನಪಟ್ಟಣದ ಬೊಂಬೆಯ ಚಿತ್ರ ಅಂಟಿಸಿ. ಗಾಜಿದೆ ಎಂದು ಕಾಣದವನು ತಾನೆ ಡಿಕ್ಕಿ ಹೊಡೆಯುವುದು!

ಹಳೆಯ ಗಾಜಿಗೆ ಪಾಲಿಯೆಸ್ಟರ್ ಫಿಲಂ ಅಂಟಿಸುವುದನ್ನೂ ಇಲ್ಲೇ ಹೇಳಿಬಿಡುವೆ. ಒಡೆದ ಚೂರುಗಳನ್ನು ಅದು ಹಿಡಿದುಕೊಳ್ಳುತ್ತದೆ, ಖರ್ಚು ಕಡಿಮೆ. ಆದರೆ ಚೌಕಟ್ಟಿಗೆ ಸರಿಯಾಗಿ ಕಚ್ಚಿಸದಿದ್ದರೆ ಒಡೆದ ಹಾಳೆ ಫಿಲಂ ಸಮೇತ ಒಟ್ಟಿಗೇ ಬೀಳುತ್ತದೆ. ಇದ್ದ ಗಾಜಿಗೆ ತೇಪೆಯಾಗಿ ಸರಿ, ಹೊಸದಕ್ಕೆ ಬದಲಿಯಾಗಿ ಅಲ್ಲ.

ಕಾಗದದ ನಿಯಮ, ಪೇಟೆಯ ವ್ಯವಹಾರ

ಭಾರತದಲ್ಲಿ ನಿಯಮವಿಲ್ಲ ಎನ್ನುವಂತಿಲ್ಲ. ಕಟ್ಟಡದ ಸುರಕ್ಷಿತ ಗಾಜಿಗೆ ಐಎಸ್ 2553ರ ಮೊದಲ ಭಾಗವಿದೆ, 2018ರಲ್ಲಿ ಅದು ಪರಿಷ್ಕಾರವಾಯಿತು. ಯಾವ ಜಾಗಕ್ಕೆ ಯಾವ ಗಾಜು ಎಂಬುದಕ್ಕೆ ಐಎಸ್ 16231 ಇದೆ, ಅದರ ನಾಲ್ಕನೇ ಭಾಗ ಪೂರ್ತಿ ಮನುಷ್ಯರು ಗಾಜಿಗೆ ತಾಗುವ ಅಪಾಯದ ಬಗ್ಗೆಯೇ. ಗಾಜು ನೆಲದಿಂದ 0.75 ಮೀಟರಿಗಿಂತ ಕೆಳಗೆ ಶುರುವಾಗುತ್ತದೆಯೇ, ಅದರಾಚೆ 1.5 ಮೀಟರಿಗಿಂತ ಆಳಕ್ಕೆ ಬೀಳುವ ಸಂಭವವಿದೆಯೇ, ಇವೆರಡು ಅದರ ಮುಖ್ಯ ಪ್ರಶ್ನೆಗಳು. ಬೀಳುವ ಆಳ ಹೆಚ್ಚಾದರೆ ಲ್ಯಾಮಿನೇಟೆಡ್ ಎನ್ನುತ್ತದೆ. 2020ರಲ್ಲಿ ಕೇಂದ್ರ ಸರ್ಕಾರ ಸುರಕ್ಷಿತ ಗಾಜಿಗೆ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿ ಐಎಸ್‌ಐ ಗುರುತನ್ನು ಕಡ್ಡಾಯದ ಹಾದಿಗೆ ತಂದಿತು.

ಪೇಟೆಯಲ್ಲಿ ನಡೆಯುವುದು ಹೀಗೆ. ಗಿರಾಕಿ ಕೇಳುವುದು ಅಡಿಗೆಷ್ಟು ಎಂಬ ಒಂದೇ ಮಾತು. ‘ಎಷ್ಟು ಎಂಎಂ’ ಎಂದರೆ ದಪ್ಪದ ವಿಚಾರ ಬಂತೆಂದರ್ಥ. ಯಾವ ಬಗೆ, ಒಡೆದ ಮೇಲೇನು ಎಂಬ ಪ್ರಶ್ನೆ ಬರುವುದೇ ಇಲ್ಲ. ನೀವು ಕೊಂಡ ಗಾಜಿನ ಮೂಲೆಯಲ್ಲಿ ಅಳಿಸಲಾಗದ ಗುರುತು ಇದೆಯೇ ನೋಡಿ. ಪೋಲರಾಯ್ಡ್ ಕನ್ನಡಕ ಹಾಕಿ ಓರೆಯಾಗಿ ನೋಡಿದರೆ ಟಫನ್ಡ್ ಗಾಜಿನಲ್ಲಿ ಮಸುಕು ಚುಕ್ಕೆಗಳ ಸಾಲು ಕಾಣುತ್ತದೆ, ಅದು ಗಾಳಿ ಊದಿದ ಗುರುತು. ಲ್ಯಾಮಿನೇಟೆಡ್ ಗಾಜಿನ ಅಂಚನ್ನು ಪಕ್ಕದಿಂದ ನೋಡಿದರೆ ಎರಡು ಹಾಳೆಯ ನಡುವಿನ ಗೆರೆ ಕಣ್ಣಿಗೇ ಸಿಗುತ್ತದೆ. ಇಷ್ಟು ಪರೀಕ್ಷೆಗೆ ಎಂಜಿನಿಯರ್ ಬೇಕಿಲ್ಲ.

ಇನ್ನೂ ಬಗೆಹರಿಯದವು

ಬಾಗಿಲಿಗೆ ಟಫನ್ಡ್, ತಲೆಯ ಮೇಲಕ್ಕೆ ಲ್ಯಾಮಿನೇಟೆಡ್ ಎಂಬಲ್ಲಿ ವಾದ ಬಹುಮಟ್ಟಿಗೆ ಮುಗಿದಿದೆ. ಕಟಕಟೆಯ ಕುರಿತ ಜಗಳ ಮುಗಿದಿಲ್ಲ. ಕೈಹಿಡಿಯಿರುವ ಕಟಕಟೆಗೆ ಒಂಟಿ ಟಫನ್ಡ್ ಸಾಕು ಎನ್ನುವವರು ಈಗಲೂ ಇದ್ದಾರೆ. ಲ್ಯಾಮಿನೇಟೆಡ್ ಆದರೆ ಯಾವ ಪೊರೆ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಒಡೆದ ಹಾಳೆ ಎಷ್ಟು ಹೊತ್ತು ನಿಂತೀತು ಎಂಬುದಕ್ಕೆ ತಣ್ಣನೆಯ ದೇಶಗಳ ಪರೀಕ್ಷೆ ಪೂರ್ತಿ ಉತ್ತರವಾಗದು.

ಹೀಟ್ ಸೋಕ್ ಪರೀಕ್ಷೆಯನ್ನು ಎಲ್ಲ ಟಫನ್ಡ್ ಗಾಜಿಗೂ ಕಡ್ಡಾಯ ಮಾಡಬೇಕೇ ಎಂಬುದು ಇನ್ನೊಂದು. ಇಪ್ಪತ್ತು ಮಹಡಿಯ ಕಟ್ಟಡಕ್ಕೆ ಬೇಕೇ ಬೇಕು. ಮಾಗಡಿಯ ಬೇಕರಿಯ ಬಾಗಿಲಿಗೂ ಆ ಖರ್ಚು ಹೊರಿಸಿದರೆ ಅಂಗಡಿಯವನು ಸಾಮಾನ್ಯ ಗಾಜಿಗೇ ಮರಳಿಬಿಟ್ಟಾನು ಎಂಬ ಭಯವೂ ಸುಳ್ಳಲ್ಲ. ಲ್ಯಾಮಿನೇಟೆಡ್ ಮುಖದ ಕಟ್ಟಡಕ್ಕೆ ಅಗ್ನಿಶಾಮಕದವರು ಹೊರಗಿನಿಂದ ಹೇಗೆ ನುಗ್ಗಬೇಕು ಎಂಬುದೂ ಫಲಕಗಳ ನಿಯಮ ಪಾಲನೆಯಾಗುವವರೆಗೆ ತೆರೆದೇ ಇರುವ ಪ್ರಶ್ನೆ.

ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ ಹೊಣೆಯದು. ರಾಷ್ಟ್ರೀಯ ಕಟ್ಟಡ ಸಂಹಿತೆ ತಾನಾಗಿ ಯಾರನ್ನೂ ಕಟ್ಟಿಹಾಕುವುದಿಲ್ಲ, ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ಉಪವಿಧಿಗಳ ಮೂಲಕವೇ ಅದು ಜಾರಿಗೆ ಬರಬೇಕು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಸರ್ಕಾರ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಹೆಸರಿನ ಜೊತೆ ಬೆಂಗಳೂರಿನ ಗಾಜೂ ಬರುತ್ತಿದೆ. ಮನೆಯ ನಕ್ಷೆಯಲ್ಲಿ ಸೆಟ್‌ಬ್ಯಾಕ್ ಎಷ್ಟು, ಮಳೆನೀರು ಕೊಯ್ಲಿದೆಯೇ ಎಂದು ನೋಡುವ ನಗರಸಭೆಯ ಮೇಜು, ಬಾಲ್ಕನಿಯ ಗಾಜು ಯಾವುದು ಎಂದೂ ಕೇಳಬೇಕೇ? ಕೇಳಿದರೆ, ಹಾಕಿದ ಮೇಲೆ ಬಂದು ನೋಡುವವರು ಯಾರು? ಮಾಗಡಿಯ ಆ ಮನೆಯವರು ಈಗ ಕಟಕಟೆಯ ಒಳಬದಿಗೆ ಎರಡು ಸ್ಟೀಲ್ ಕೊಳವೆ ಅಡ್ಡ ಹಾಕಿಸಿದ್ದಾರೆ. ಹಾಕಿಸಿದ್ದು ಅವರ ತಾಯಿ, ಮೊಮ್ಮಕ್ಕಳ ಚಿಂತೆಯಿಂದ.